ಕಾಂಟಾದವನ ಕಳೆಯುವ ಲೆಕ್ಕ

ಮೂವತ್ತು ವರ್ಷ ನಾ ಮಾಡಿದ್ದು ಒಂದೇ ಲೆಕ್ಕ:
ತುಂಬಿದ ಲಾರಿಯೊಳಗ ಖಾಲಿ ಲಾರಿ ಕಳಿ,
ಉಳಿದದ್ದು ತೊಗರಿ.
ಕಲಬುರಗಿ ಗಂಜಿನ ಕಾಂಟಾದ ಕಿಡಕಿಯಾಗ ಕುಂತು
ಚೀಟಿ ಹರಿದು ಕೊಟ್ಟವ,
"ಮುಂದ ಹೋಗ್ರಿ" ಅಂದವ.

ದೀಪಾವಳಿ ಮುಂದ ಒಂದು ಮುಂಜಾನಿ
ಪೊಲೀಸ್ ಭರ್ತಿಗಿ ಓಡೋ ಅಕ್ಕನ ಮಗ ದೇವಿಂದ್ರ
ಟೈಮ್ ಹಿಡಿಲಾಕ ಅಂತ ನನ್ನ ಸ್ಟೇಡಿಯಂಗ ಕರಕೊಂಡು ಹೋದ.
ಹುಡುಗರ ಕಾಲ ಸಪ್ಪಳಕ್ಕ ಮರುಳಾಗಿ
ನಾನೂ ಬಿದ್ದೆ ನೋಡ್ರಿ ಅವರ ಹಿಂದ, ಚಪ್ಪಲಿ ಕೈಯಾಗ.
ಎರಡನೇ ಸುತ್ತಿನ ತಿರುವಿನಾಗ
ಎದಿ ಅನ್ನೋದು ಬ್ಯಾಳಿ ಗಿರಣಿ ಆತು,
ಕಣ್ಣ ಮುಂದ ಹಳದಿ,
ಆಮ್ಯಾಲ ಕರಿ.

ಡಾಕ್ಟರ್ ನುಸ್ರತ್ ಬೇಗಂ ಬೈಯಲಿಲ್ಲ.
"ಇನ್ನೂರಾ ಇಪ್ಪತ್ತರಾಗ ನಿಮ್ಮ ವಯಸ್ಸು ಕಳೀರಿ" ಅಂದ್ರು.
ನನಗ ಪೆನ್ನು ಬೇಕೇನು?
ಐವತ್ನಾಕು ಹೋದ್ರ ನೂರಾ ಅರವತ್ತಾರು.
"ಅದು ನಿಮ್ಮ ನಾಡಿಯ ಮಾಳಿಗಿ.
ದಿನಾ ಹತ್ತಿ ಮುಟ್ಟಿ ಬರ್ರಿ ಅಂತ ಹೇಳಿಲ್ಲ ಮತ್ತ.
ಅರ್ಧದಾಗ ಶುರು ಮಾಡ್ರಿ,
ನೂರಕ್ಕ ಎಪ್ಪತ್ತು ದಾಟಬ್ಯಾಡ್ರಿ."
ಎಂಬತ್ಮೂರು. ನೂರಾ ಹದಿನಾರು.
ತೂಕದ ಚೀಟಿ ಹಿಂದ ಬರಕೊಂಡೆ.

"ಈ ಇನ್ನೂರಾ ಇಪ್ಪತ್ತು ಯಾರ ತೂಕರಿ, ಮೇಡಂ?"
"ಯಾರದೂ ಅಲ್ಲ. ಭಾಳ ಮಂದಿದು ಸೇರಿಸಿದ ಅಂದಾಜು.
ನಿಮ್ಮದು ಹತ್ತು ಮ್ಯಾಲ ಇರಬಹುದು, ಹತ್ತು ಕೆಳಗ."
ಅಂದಾಜು!
ನಮ್ಮ ಕಾಂಟಾದಾಗ ಹತ್ತು ಕಿಲೋ ಫರಕಿಗಿ
ಅಂಗಿ ಹರದ ಮಂದಿನ್ನ ನಾ ನೋಡೀನಿ.

ಅಪ್ಪನ ಕೆರಿ ಸುತ್ತ ನಡಿಲಾಕ ಹತ್ತಿದೆ.
ದೇವಿಂದ್ರ ತನ್ನ ಹಳೇ ವಾಚು ಕಟ್ಟ್ಯಾನ ಕೈಗಿ,
ಒಳಗ ಹಸಿರು ದೀಪ, ಮಿಣುಕು ಮಿಣುಕು.
ಡಿಸೆಂಬರದಾಗ ತೊಂಬತ್ತೆಂಟು.
ಏಪ್ರಿಲಿನಾಗ ಅದೇ ಕೆರಿ, ಅದೇ ನಡಿಗಿ,
ನೂರಾ ಹತ್ತೊಂಬತ್ತು!
ವಾಚು ಕೆಟ್ಟದ ಅಂದ್ಕೊಂಡೆ. ಕೆಟ್ಟಿರಲಿಲ್ಲ.
ಕ್ಲೀನರ್ ಹುಡುಗನ್ನ ಕ್ಯಾಬಿನ್ನಿನಾಗ ಮಲಗಿಸಿ
ಲಾರಿ ತೂಗಸ್ತಾರಲ್ಲ ಕೆಲವರು,
ಹಂಗ ನಮ್ಮೂರ ಬಿಸಿಲು
ಹೇಳದ ಕೇಳದ ನನ್ನೊಳಗ ಹತ್ತಿ ಕುಂತಿತ್ತು.
ಬಿಸಿಲು ಏಳೂದರೊಳಗ ಮನಿಗಿ ಬರೂದು ಕಲ್ತೆ.
ನಡಗಿನೂ ಕಮ್ಮಿ ಮಾಡ್ದೆ.

ಮೇ ತಿಂಗಳಾಗ ಬಿಪಿ ಅಂದ್ರು, ಸಣ್ಣದೊಂದು ಬಿಳಿ ಗುಳಿಗಿ.
ಆಮ್ಯಾಲ ಶುರುವಾತು ಚೋದ್ಯ:
ಎಷ್ಟ ಬಿರುಸು ನಡದ್ರೂ ವಾಚು ತೊಂಬತ್ತು ದಾಟವಲ್ದು.
ಖುಷಿ ಆಗಿ ಹೇಳಿದ್ರ ಡಾಕ್ಟರ್ ತಲಿ ಅಲ್ಲಾಡಿಸಿದ್ರು:
"ಈ ಗುಳಿಗಿ ನಾಡಿನ ಹಿಡದು ಇಡ್ತದ.
ಇನ್ನ ಆ ಲೆಕ್ಕ ನಿಮಗ ನಡಿಯಂಗಿಲ್ಲ."
ಮುಳ್ಳಿಗಿ ದಾರ ಕಟ್ಟಿದ ಕಾಂಟಾ ನಾನು!
"ಮತ್ತ ಹ್ಯಾಂಗ ತೂಗ್ಲಿ?"
"ನಡಕೋತ ಮಾತಾಡ್ರಿ.
ಹಾಡು ಬರ್ಲತ್ತಂದ್ರ ಆರಾಮ ನಡೀಲತ್ತೀರಿ,
ಮಾತು ಬಂದು ಹಾಡು ಬರದಿದ್ರ ಬರಾಬರಿ,
ಮಾತೇ ತುಂಡಾದ್ರ ಸಾವಕಾಶ ಮಾಡ್ರಿ.
ಎದಿ ಹಿಡಿತು, ತಲಿ ತಿರಗ್ತು ಅಂದ್ರ
ನಿಂತುಬಿಡ್ರಿ. ಹಟ ಬ್ಯಾಡ. ಸೀದಾ ದವಾಖಾನಿ."

ಮಾತಿಗೇನು ಬರ?
ನನ್ನ ಜೋಡಿ ನಡಿಯಾಂವ ಮಶಾಕ್.
ಹೈದರಾಬಾದ್ ಲೈನಿನಾಗ ಮೂವತ್ತು ವರ್ಷ ಲಾರಿ ಹೊಡದ್ರೂ
ಅವನ ಮಾತಿಗಿ ಬ್ರೇಕ್ ಕೂಡಿಲ್ಲ.
ಜಹೀರಾಬಾದ್ ಧಾಬಾ, ಹುಮನಾಬಾದ್ ಚೆಕ್‌ಪೋಸ್ಟು,
ಮುರಿದ ಆ್ಯಕ್ಸಲ್, ಮುರಿದ ಸಂಬಂಧ.
ನಡುನಡುವ ಪ್ರಶ್ನಿ ಒಗಿತಾನ,
ಉತ್ತರ ಪೂರಾ ಬರ್ತದೋ ಇಲ್ಲೋ ಕಿವಿಗೊಟ್ಟು ಕೇಳ್ತಾನ.

ನಿನ್ನಿ ನಾ ಬರೇ "ಹೂಂ" ಅಂದೆ.
ಧಾಬಾದ ಕತಿ ಅರ್ಧಕ್ಕ ಬಿಟ್ಟು
ಬೆಂಚಿನ ಮ್ಯಾಲಿನ ಬೇವಿನ ಎಲಿ ಒರಸಿ ಕುಂತ,
ಕಾಲು ನೋವಂತ, ತನಗ.
ನಾನೂ ಕುಂತೆ.
ಭರ್ತಿಯ ಹುಡುಗರು ಗುಂಪು ಕಟ್ಟಿ ದಾಟಿ ಹೋದ್ರು,
ಇನ್ನೂರರ ಮಾಳಿಗಿಯವರು,
ಅದರಾಗ ದೇವಿಂದ್ರ, ಕೈ ಬೀಸಿ.
ಮಶಾಕ್ ಕೆರಿ ನೋಡ್ಕೋತ ಕೇಳ್ದ:
"ಎಷ್ಟ್ ಬಂತು?"
ವಾಚು ನೋಡಲಿಲ್ಲ ನಾ.
"ಮಾತಾಡ್ಲತ್ತೀನಲ್ಲೋ" ಅಂದೆ.